ಮದ್ದಿನ ಮನೆಯ ಮಂಗಳಾರತಿ

ತೊಂಬತ್ತರ ದಶಕದಲ್ಲಿ ಕಟ್ಟಾಯದ ಕಡೆಯ ಒಂದು ಕಲ್ಲುಕ್ವಾರಿಯಲ್ಲಿ ಮದ್ದಿನ ಮನೆಯ ಉಸ್ತುವಾರಿ ನನ್ನದಾಗಿತ್ತು. ಬಂಡೆ ಸಿಡಿಸುವ ಮದ್ದಿನಿಂದ ನನಗೆ ಒಂದು ದಿನವೂ ತೊಂದರೆಯಾಗಲಿಲ್ಲ, ಪಾಪ, ಇಟ್ಟಲ್ಲೇ ಇರುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿಸುತ್ತಿದ್ದವರು ಮನುಷ್ಯರು.

ಆರನೇ ಕ್ಲಾಸು

ಮದ್ದು ಒಂದು ವ್ಯಾನಿನಲ್ಲಿ, ಅದನ್ನು ಸಿಡಿಸುವ ಕೇಪು ಇನ್ನೊಂದರಲ್ಲಿ ಹೋಗಬೇಕು. ಅರಕಲಗೂಡಿನವರಾದ ನಮ್ಮ ಓನರ್ ಒಂದು ದಿನ ಎರಡನ್ನೂ ಒಂದೇ ವ್ಯಾನಿಗೆ ತುಂಬಿಸುತ್ತಿದ್ದರು. ಓಡಿಹೋಗಿ ಅಡ್ಡ ನಿಂತೆ.

"ಕಾನೂನು ಪ್ರಕಾರ ಮದ್ದು ಎರಡನೇ ಕ್ಲಾಸು, ಕೇಪು ಆರನೇ ಕ್ಲಾಸು. ಜೊತೆಗೆ ಕೂರಿಸೋ ಹಾಗಿಲ್ಲ!"

"ಆರ್ನೇ ಕ್ಲಾಸು ಅಂದ್ರೆ ದೊಡ್ಡೋನಲ್ವಾ? ಚಿಕ್ಕೋನ್ನ ನೋಡ್ಕತಾನೆ ಬುಡಿ ಸ್ವಾಮಿ."

ಖಾಲಿ ಸೀಟು

ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಬ್ಬ, ಬಾಯಲ್ಲಿ ಬೀಡಿ ಉರಿಯುತ್ತಿರುವಂತೆಯೇ, ನಮ್ಮ ವ್ಯಾನಿಗೆ ಕೈ ಅಡ್ಡ ಹಿಡಿದ.

"ಸ್ಫೋಟಕ, ಅಪಾಯ ಅಂತ ಇಷ್ಟು ದಪ್ಪ ಬರೆದಿದೆ, ಓದೋಕೆ ಬರಲ್ವೇನಯ್ಯಾ?"

"ಓದ್ದೆ ಸಾ. ಯಾರೂ ಗಾಡಿ ಅತ್ತಿರಕಿಲ್ಲ, ಸೀಟ್ ಖಾಲಿ ಇರ್ತದೆ ಅಂತಲೇ ಕೈ ಇಡ್ದೆ."

ಆಲೂಗೆಡ್ಡೆ

ಓನರ್ ಭಾವಮೈದ ಹಳ್ಳಿಮೈಸೂರಿನಿಂದ ಬಿತ್ತನೆ ಆಲೂಗೆಡ್ಡೆ ಮೂಟೆಗಳನ್ನು ತಂದು ಮದ್ದಿನ ಮನೆ ಬಾಗಿಲಲ್ಲಿ ಇಳಿಸಿದ. ಒಳಗೆ ತಂಪಂತೆ, ಗೋಡೆ ದಪ್ಪವಂತೆ, ಕಾಯುವುದಕ್ಕೆ ನಾನಿದ್ದೇನಂತೆ!

"ಇಲ್ಲಿ ಮದ್ದು ಬಿಟ್ಟು ಇನ್ನೇನೂ ಇಡಕೂಡದು!" ಎಂದು ಕೂಗಾಡಿದೆ.

ಅವನು ಸಮಾಧಾನ ಮಾಡಿದ: "ಯಾಕ್ ಎದುರ್ಕತೀರಾ ಸಾ? ನಮ್ ಆಲೂಗೆಡ್ಡೆ ನಿಮ್ ಮದ್ದಿಗೆ ಏನೂ ಮಾಡಕಿಲ್ಲ."

ಆಯುಧಪೂಜೆ

ಮೊಸಳೆ ಎಂಬ ಊರಿನಿಂದ ಬಂದ ಅರ್ಚಕರು ಮದ್ದಿನ ಮನೆ ಹೊಸ್ತಿಲಲ್ಲೇ ಕರ್ಪೂರ ತೆಗೆದರು. ನಾನು ನಡುವೆ ಬಂದೆ.

"ಸ್ವಾಮಿ, ಇಲ್ಲಿ ಬೆಂಕಿ ಬೇಡ!"

"ಮಂಗಳಾರತಿ ಇಲ್ಲದೆ ಪೂಜೆಯೇನ್ರೀ? ನಿಮ್ಮ ಮನೇಲೂ ಹೀಗೇನಾ?"

"ನಮ್ಮನೇಲಿ ಮದ್ದಿಲ್ಲ ಕಣ್ರೀ!"

ಓನರಾದರೂ ಹೇಳಲಿ ಎಂದು ಅತ್ತ ತಿರುಗಿದ್ದೇ ತಡ, ಕರ್ಪೂರದ ವಾಸನೆ ಬಂತು. ಉರಿಯುವ ತಟ್ಟೆ ಕಿತ್ತುಕೊಂಡು ರಸ್ತೆಯ ಕಡೆ ಓಡಿದೆ. ಕೆಲಸದವರೆಲ್ಲ ಹಿಂದೆಯೇ ಓಡಿಬಂದರು: "ಸಾ, ನಿಂತ್ಕಳಿ, ನಮ್ಗೂ ಕೊಡಿ!" ಅರ್ಚಕರು "ಮಂತ್ರ ಮುಗಿದಿಲ್ಲ!" ಎಂದು ಅರಚುತ್ತಿದ್ದರು.

ರಸ್ತೆಯಲ್ಲಿ ಹಾಸನದ ಬಸ್ಸು ನಮ್ಮ ಮೆರವಣಿಗೆ ಕಂಡು ನಿಂತಿತು. ಕಿಟಕಿಗಳಿಂದ ಕೈಗಳು ಆರತಿಗೆ ಚಾಚಿದವು.

"ಯಾವ್ ದೇವ್ರು ಸಾ?" ಎಂದಳು ಒಬ್ಬ ಅಜ್ಜಿ.

"ಸಿಡಿಮದ್ದು ಕಣಮ್ಮಾ, ಸಿಡಿಮದ್ದು!" ಸಿಟ್ಟಿನಲ್ಲಿ ಕಿರುಚಿದೆ.

ಅಜ್ಜಿ ಆರತಿಯನ್ನು ಕಣ್ಣಿಗೊತ್ತಿಕೊಂಡಳು.

"ಸಿಡಿಮದ್ದಮ್ಮಾ, ನಮ್ಮನೆ ತಣ್ಣಗಿಡವ್ವಾ!"