ಹೊಟ್ಟೆಗೆ ಕಟ್ಟಿಕೊಂಡ ರಿವಾಲ್ವರ್

ಹೆಂಗಸರ ಬಟ್ಟೆ ಹೊಲಿಯುವವರ ಮೇಲೆ ನನ್ನದೊಂದು ದೂರಿದೆ. ಅವರು ನಮಗೆ ಜೇಬು ಇಡುವುದಿಲ್ಲ. ಇಟ್ಟರೂ ಅದರಲ್ಲಿ ಒಂದು ಕಡಲೆಕಾಯಿ ಹಿಡಿಸಿದರೆ ಪುಣ್ಯ. ರಿವಾಲ್ವರಿನ ಮಾತಂತೂ ಕೇಳಲೇಬೇಡಿ.

ರಿವಾಲ್ವರ್ ನಾನು ಬೇಡಿದ್ದಲ್ಲ. ಮದುವೆಯ ವಾರ್ಷಿಕೋತ್ಸವದ ಉಡುಗೊರೆಯಾಗಿ ಕೂದಲು ಒಣಗಿಸುವ ಯಂತ್ರ ಬಂದೀತೆಂದು ಕಾದಿದ್ದೆ. ನನ್ನ ಗಂಡ ಡಾಯ್ಲ್ ಕೆಂಪು ರಿಬ್ಬನ್ ಸುತ್ತಿದ ಪೆಟ್ಟಿಗೆ ಕೊಟ್ಟಾಗ ತೂಕ ನೋಡಿ ಹಿಗ್ಗಿದೆ. ಬಿಚ್ಚಿದರೆ ಗಿಡ್ಡ ಮೂತಿಯ, ಐದು ಗುಂಡಿನ, ಕರಿಯ ರಿವಾಲ್ವರ್. ಬಡವರ ರಿವಾಲ್ವರ್ ಅದು, ಹೊಳಪಿಲ್ಲ, ಚಿತ್ತಾರವಿಲ್ಲ. ಮಗುವಿನ ತಳ್ಳುಗಾಡಿಗಿಂತ ಅಗ್ಗಕ್ಕೆ ಸಿಕ್ಕಿತೆಂದು ಡಾಯ್ಲ್ ಬೀಗಿದ. (ತಳ್ಳುಗಾಡಿಯನ್ನು ಕೊಂಡವಳು ನಾನು. ಆ ಮಾತಿನ ಗುರಿ ಎಲ್ಲಿತ್ತೆಂದು ನನಗೆ ಗೊತ್ತು.)

ಅವನ ಕಾಳಜಿ ಸುಳ್ಳಲ್ಲ. ಅವನಿಗೆ ಕೋಳಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ನಾನೂ, ನಡೆಯಲು ಕಲಿಯುತ್ತಿರುವ ಮಗಳು ಹ್ಯಾಟಿಯೂ ಕ್ರ್ಯಾಬ್ ಕ್ರೀಕ್ ಊರಾಚೆಯ ತಗಡಿನ ಟ್ರೇಲರ್ ಮನೆಯಲ್ಲಿ ಇಬ್ಬರೇ. ಕೆಂಟಕಿಯ ನಮ್ಮ ಕಡೆ ಫೋನ್ ಮಾಡಿ ಶೆರಿಫ್‌ನ ಗಾಡಿ ಬರುವಷ್ಟರಲ್ಲಿ ಕಳ್ಳ ಊಟ ಮುಗಿಸಿ, ತಟ್ಟೆ ತೊಳೆದು, ಬೋರಲು ಹಾಕಿ ಹೋಗಬಹುದು.

ತರಬೇತಿಗೆ ಸೇರಿದೆ. ಮೊದಲ ದಿನ ಗುರಿಹಲಗೆ ಸುಕ್ಷೇಮವಾಗಿತ್ತು. ಹಿಂದಿನ ಗುಡ್ಡಕ್ಕೆ ಮಾತ್ರ ಗಾಯಗಳಾದವು. ಚಿಕ್ಕ ರಿವಾಲ್ವರ್ ಎಂದರೆ ಮೆದು ಸ್ವಭಾವದ್ದೆಂದು ತಿಳಿದಿದ್ದೆ. ಅದು ನನ್ನ ಅತ್ತೆಯ ಹಾಗೆ: ಆಕಾರ ಪುಟ್ಟದು, ಒದೆತ ಜೋರು. ಆದರೂ ಹಟ ಹಿಡಿದು ಕಲಿತೆ. ಗುಡ್ಡ ನಿಟ್ಟುಸಿರು ಬಿಟ್ಟಿತು.

ಮನೆಯಲ್ಲಿರುವಾಗ ಅದು ಬೀಗದ ಉಕ್ಕಿನ ಪೆಟ್ಟಿಗೆಯಲ್ಲೇ ಇರಬೇಕೆಂಬುದು ನನ್ನ ಕಾನೂನು. ಹೊರಗೆ ಹೋದರೆ ಮೈಮೇಲೇ ಇರಬೇಕೆಂಬುದು ಡಾಯ್ಲ್‌ನದು. ಎಲ್ಲಿ? ಕೈಚೀಲ ಹ್ಯಾಟಿಯ ಸಾಮ್ರಾಜ್ಯ. ಅವಳು ದಿನಕ್ಕೆ ನಾಲ್ಕು ಸಲ ಅದನ್ನು ಬುಡಮೇಲು ಮಾಡುತ್ತಾಳೆ. ಸೊಂಟದ ಮೇಲೆ ಹ್ಯಾಟಿಯೇ ಕೂರುತ್ತಾಳೆ. ಪಾದದ ಬಳಿ ಕಟ್ಟಿದರೆ ಒಂದೇ ಕಾಲಿಗೆ ಲಾಳ ಹೊಡೆದ ಕುದುರೆಯಂತೆ ನಡೆಯುತ್ತೇನೆ. ತಾಯಿಯಾದವಳ ದೇಹದಲ್ಲಿ ಖಾಲಿ ಜಾಗವೆಂದು ಉಳಿದದ್ದು ಹೊಟ್ಟೆಯೊಂದೇ. ಅಲ್ಲಿಗೆ ಅಗಲದ ಪಟ್ಟಿ ಬಿಗಿದು, ಗಟ್ಟಿ ಒರೆಯಲ್ಲಿ ರಿವಾಲ್ವರನ್ನು ಕೂರಿಸಿ, ಮೇಲೆ ದೊಗಲೆ ಅಂಗಿ ಇಳಿಬಿಟ್ಟೆ.

“ಯಾರ್ಗೂ ಹೇಳ್ಬೇಡ ಕಣೇ ಲೀಆನ್,” ಎಂದ ಡಾಯ್ಲ್. “ಗೊತ್ತಿಲ್ದೇ ಇದ್ರೇನೇ ಅದಕ್ಕೆ ಬೆಲೆ. ಅಮ್ಮಂಗಂತೂ ಹೇಳ್ಲೇಬೇಡ.”

ಅವನ ಅಮ್ಮನಿಗೆ, ಅಂದರೆ ನನ್ನ ಅತ್ತೆಗೆ, ಹೇಳಿದರೆ ಚರ್ಚಿನ ಪ್ರಾರ್ಥನಾ ಸರಪಳಿಗೆ ಹೇಳಿದಂತೆ. ಒಬ್ಬರಿಗೆ ಕಷ್ಟವೆಂದು ಇನ್ನೊಬ್ಬರಿಗೆ ಫೋನ್ ಮಾಡಿದರೆ, ಅವರು ಮತ್ತೊಬ್ಬರಿಗೆ, ಹೀಗೆ ಊರೆಲ್ಲ ಮೊಣಕಾಲೂರುತ್ತದೆ. ನಮ್ಮಲ್ಲಿ ಚಾಡಿ ಹೇಳುವುದು ಪಾಪ. ಪ್ರಾರ್ಥನೆಗೆ ವಿಷಯ ಒದಗಿಸುವುದು ಪುಣ್ಯ.

ನಾನು ತುಟಿ ಹೊಲಿದುಕೊಂಡೆ. ಕೈಯನ್ನು ಹೊಲಿದುಕೊಳ್ಳಲು ಮರೆತೆ. ಹೊಸದಾಗಿ ರಿವಾಲ್ವರ್ ಕಟ್ಟಿಕೊಂಡವರ ಕೈಗೆ ನೆಮ್ಮದಿಯಿಲ್ಲ. ಇದೆಯೋ, ಜಾರಿತೋ, ಅಂಗಿ ಮೇಲೇರಿತೋ ಎಂದು ನಿಮಿಷಕ್ಕೊಮ್ಮೆ ಮುಟ್ಟಿ ನೋಡುತ್ತದೆ. ಸಾಲದ್ದಕ್ಕೆ, ಹಿಡಿ ಪಕ್ಕೆಗೆ ಚುಚ್ಚಬಾರದೆಂದು ಕುರ್ಚಿಯ ತೋಳು ಹಿಡಿದು, ಉಸಿರು ಬಿಟ್ಟು, ಮೆಲ್ಲಗೆ ಕೂರುತ್ತಿದ್ದೆ.

ಭಾನುವಾರ ಚರ್ಚಿನ ಬಾಗಿಲಲ್ಲಿ ವಿಲ್ಮಾ ತೋಳು ಚಾಚಿ ಬಂದರು. ಸರಪಳಿಯ ಮೊದಲ ಕೊಂಡಿ ಅವರು. ಊರಿನಲ್ಲಿ ಅವರ ಅಪ್ಪುಗೆ ತಪ್ಪಿಸಿಕೊಂಡವರಿಲ್ಲ. ನಾನು ಹಿಂದೆ ಸರಿದು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ಕಣ್ಣಲ್ಲಿ ನೀರಾಡಿತು.

ಸಿಕ್ಕಿಬಿದ್ದೆನೆಂದುಕೊಂಡು ಪಿಸುಗುಟ್ಟಿದೆ: “ಯಾರ್ಗೂ ಹೇಳ್ಬೇಡಿ ವಿಲ್ಮಾ. ಡಾಯ್ಲ್‌ಗೆ ಇಷ್ಟ ಇಲ್ಲ.”

“ಅಯ್ಯೋ ಪಾಪ, ಅವನಿಗೇನ್ ಇಷ್ಟ ಇಲ್ದಿರೋದು,” ಎಂದು ಅವರು ನನ್ನ ಕೆನ್ನೆ ತಟ್ಟಿದರು. “ಒಂದ್ಸಲ ಮುಖ ನೋಡ್ಲಿ, ಎತ್ತಿ ಆಡಿಸ್ತಾನೆ.”

ರಿವಾಲ್ವರನ್ನು ಎತ್ತಿ ಆಡಿಸುವುದೇ? ವಿಚಿತ್ರವೆನಿಸಿತು. ಅರ್ಥವಾದದ್ದು ಮರುದಿನ, ಬಾಗಿಲಿಗೆ ಬೇಯಿಸಿದ ಕೋಳಿ-ನೂಡಲ್ಸಿನ ತಟ್ಟೆ ಬಂದಾಗ; ಅದರ ಹಿಂದೆಯೇ ಬಾಳೆಹಣ್ಣಿನ ಪುಡಿಂಗ್; ಅದರ ಹಿಂದೆ ಒಂದು ಚೀಲ ತುಂಬ ಎಳೆಮಗುವಿನ ಕಾಲುಚೀಲ. ಊರು ನನ್ನನ್ನು ಬಸುರಿ ಮಾಡಿಬಿಟ್ಟಿತ್ತು.

ತಕ್ಷಣ ಬಾಯಿಬಿಡಬೇಕಿತ್ತು ನಿಜ. ಆದರೆ ಅಂಗಡಿಯಲ್ಲಿ ನನ್ನ ಸಾಮಾನನ್ನು ಬೇರೆಯವರು ಹೊತ್ತರು. ಮುಂದಿನ ಭಾನುವಾರದ ಊಟಕ್ಕೆ ಅತ್ತೆ ಓಲೀಟಾ ಅವರ ಮನೆಗೆ ಹೋದರೆ, ಪಾತ್ರೆ ತೊಳೆಯಲು ಎದ್ದ ನನ್ನನ್ನು ತಡೆದು, ತೀರಿಕೊಂಡ ಮಾವನ ಒರಗುಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ದಿಂಬಿಟ್ಟರು. ಮದುವೆಯಾದಾಗಿನಿಂದ ಆ ಕುರ್ಚಿಯನ್ನು ನಾನು ಒರೆಸಿದ್ದೆನೇ ಹೊರತು ಕೂತಿರಲಿಲ್ಲ. ಡಾಯ್ಲ್ ನನ್ನನ್ನು ನೋಡಿದ. ನಾನು ಸೀಲಿಂಗು ನೋಡಿದೆ. ಇನ್ನೊಂದು ವಾರ ಹೀಗೇ ನಡೆದರೆ ಯಾರ ಗಂಟು ಹೋಯಿತು?

ನನ್ನ ಗಂಟೇ ಹೋಯಿತು. ಅತ್ತೆ ಕಾಫಿ ತಂದಿಟ್ಟು, ತಾವು ಫ್ಲಾರಿಡಾಕ್ಕೆ ಹೋಗುವುದಿಲ್ಲವೆಂದರು.

ಆ ಫ್ಲಾರಿಡಾದ ವಿಷಯ ಹೇಳಲೇಬೇಕು. ಅತ್ತೆ ಬೇಸಿಗೆಗೆ ಮುಂಚೆ ತಂಗಿ ಜೂನೆಲ್ ಜೊತೆ ಇರಲು ಅಲ್ಲಿಗೆ ಹೊರಡುವುದೆಂದೂ, ಈ ಮನೆ ನಮಗೆಂದೂ ತೀರ್ಮಾನವಾಗಿತ್ತು. ಇಟ್ಟಿಗೆಯ ಮನೆ. ಊರ ನಡುವೆ, ಎರಡೂ ಕಡೆ ನೆರೆಯವರು. ಒಳಗೆ ಕಾಲು ಚಾಚಿ ಮಲಗಬಹುದಾದ ಸ್ನಾನದ ತೊಟ್ಟಿ. ನಮ್ಮ ಟ್ರೇಲರಿನ ಶವರಿನಲ್ಲಿ ಮೊಣಕೈಗೆ ಸೋಪು ಹಚ್ಚಬೇಕಾದರೆ ಬಾಗಿಲು ತೆರೆಯಬೇಕು. ಗಾಳಿ ಬೀಸಿದ ರಾತ್ರಿಗಳಲ್ಲಿ ತಗಡು ಕಿರುಗುಟ್ಟಿದಾಗಲೆಲ್ಲ ನಾನು ಆ ಇಟ್ಟಿಗೆ ಗೋಡೆಗಳನ್ನು ನೆನೆದು ನಿದ್ದೆಹೋಗುತ್ತಿದ್ದೆ. ಪರದೆಯ ಬಣ್ಣ ಕೂಡ ಮನಸ್ಸಿನಲ್ಲೇ ಆರಿಸಿಯಾಗಿತ್ತು.

“ಎರಡನೇದು ಬರ್ತಿರೋವಾಗ ಬಿಟ್ಟು ಹೋಗಕ್ಕೆ ನಾನೇನು ಕಲ್ಲಾ?” ಎಂದರು ಅತ್ತೆ. “ನಾಳೆ ಜೂನೆಲ್‌ಗೆ ಫೋನ್ ಮಾಡ್ತೀನಿ.”

ಗುಟ್ಟನ್ನೂ ತೊಟ್ಟಿಯನ್ನೂ ತಕ್ಕಡಿಯಲ್ಲಿ ತೂಗಿದೆ. ತೊಟ್ಟಿ ಗೆದ್ದಿತು. ಹ್ಯಾಟಿಯನ್ನು ಡಾಯ್ಲ್ ಕೈಗಿತ್ತು ಅಂಗಳಕ್ಕೆ ಕಳಿಸಿದೆ. (ಅವನು ಕಣ್ಣಲ್ಲೇ ಬೇಡ ಬೇಡವೆಂದ.) ಒರಗುಕುರ್ಚಿಯಿಂದ ಎದ್ದು ನಿಂತು, ನಾನು ಬಸುರಿಯಲ್ಲ, ಹೊಟ್ಟೆಗೆ ಕಟ್ಟಿಕೊಂಡದ್ದು ರಿವಾಲ್ವರ್ ಎಂದೆ.

ಅತ್ತೆ ಕೂಗಲಿಲ್ಲ. ನನ್ನ ಹೊಟ್ಟೆಯನ್ನೊಮ್ಮೆ, ಅಂಗಳದಲ್ಲಿ ತಪ್ಪುಹೆಜ್ಜೆ ಇಡುತ್ತಿದ್ದ ಹ್ಯಾಟಿಯನ್ನೊಮ್ಮೆ ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ. ಅವರು ಕೇಳಿದ್ದು ಬೇರೆ.

“ರಾತ್ರಿ ಹೊತ್ತು ಭಯ ಆಗತ್ತಾ, ಚಿನ್ನ?”

ಇಲ್ಲವೆನ್ನಬೇಕಿತ್ತು. ಆದರೆ ಅಷ್ಟು ಮೆತ್ತಗೆ ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ರಿವಾಲ್ವರ್ ಕೊಟ್ಟವನೂ ಕೇಳಿರಲಿಲ್ಲ. “ಹೂಂ ಅತ್ತೆ,” ಎಂದೆ. “ಗಾಳಿ ಬಂದ್ರೆ ಎದ್ದು ಕೂತ್ಕೋತೀನಿ.”

ಅತ್ತೆ ಮೂಗೊರೆಸಿಕೊಂಡರು. ಫೋನು ಎತ್ತಿಕೊಂಡರು. ನಾಳೆಯವರೆಗೂ ಕಾಯಲಿಲ್ಲ.

“ಜೂನೆಲ್, ನಾನು ಬರಲ್ಲ ಕಣೇ. ಲೀಆನ್ ಬಸುರಿ ಆಗಿದ್ರೆ ಅವಳ ಹೆರಿಗೆ ಮುಗಿಸಿ ಬರ್ತಿದ್ನೇನೋ. ಇದು ಹಾಗಲ್ಲ. ನಮ್ಮ ಹುಡುಗಿ ಹೆದರ್ಕೊಂಡಿದಾಳೆ.” ಆಮೇಲೆ ನನ್ನ ಕಡೆ ತಿರುಗಿ, ಇವತ್ತೇ ಗಂಟುಮೂಟೆ ಕಟ್ಟಬೇಕೆಂದರು. ಎಲ್ಲರೂ ಇಲ್ಲೇ, ಒಟ್ಟಿಗೇ.

ಡಾಯ್ಲ್ ಎರಡು ಸಲ ಟ್ರಕ್ಕು ತುಂಬಿಸಿದ. ಅಮ್ಮನ ಕೈಯ ಮೆತ್ತನೆಯ ಬಿಸಿ ಬಿಸ್ಕತ್ತು, ಅದರ ಮೇಲೆ ಸುರಿಯುವ ಗ್ರೇವಿ ಇನ್ನು ದಿನವೂ ಸಿಗುತ್ತದೆಂದು ಅವನ ಮುಖ ಊರಗಲವಾಗಿತ್ತು. ಪರದೆಗಳು ಅತ್ತೆಯ ಹಳದಿ ಹೂವಿನವೇ ಇವೆ. ರಿವಾಲ್ವರಿನ ಪೆಟ್ಟಿಗೆ ಅತ್ತೆಯ ಬೀರುವಿನ ಮೇಲಿನ ಅರೆಗೆ ಏರಿದೆ. ಇಟ್ಟವರು ಅವರೇ, ಬೀರುವಿನ ಬೀಗದ ಕೈಯೂ ಅವರದೇ.

ಆ ಸಂಜೆ ಹ್ಯಾಟಿ ಮಲಗಿದ ಮೇಲೆ ತೊಟ್ಟಿಗೆ ಬಿಸಿನೀರು ಬಿಟ್ಟೆ. ಹೊಟ್ಟೆಯ ಖಾಲಿ ಪಟ್ಟಿ ಬಿಚ್ಚಿ, ಗಲ್ಲದವರೆಗೆ ಮುಳುಗಿ, ಕಾಲು ಚಾಚಿ, ಕಣ್ಣು ಮುಚ್ಚಿದೆ. ಬಾಗಿಲ ಹೊರಗೆ ಕುರ್ಚಿ ಎಳೆದ ಸದ್ದಾಯಿತು.

“ಹೆದರ್ಬೇಡ ಚಿನ್ನ,” ಎಂದರು ಅತ್ತೆ. “ನಾನು ಇಲ್ಲೇ ಕೂತಿದೀನಿ.”

ನೀರು ತಣ್ಣಗಾಗುವವರೆಗೂ ಕೂತಿದ್ದರು. ಅಷ್ಟು ಹೊತ್ತೂ ಮಾತಾಡಿದರು.