ಗ್ರೀಕ್ ಪದ್ಧತಿಯೂ ನಮ್ಮ ಕಚೇರಿಯ ಪದ್ಧತಿಯೂ

ಮಾನ್ಯ ಓದುಗರ ಗಮನಕ್ಕೆ ಮೊದಲಿಗೇ ತರಬಯಸುವುದೇನೆಂದರೆ, ನಾನು ಪ್ರಬಂಧ ಬರೆಯುತ್ತಿರುವುದು ಇದೇ ಪ್ರಥಮ. ಠಾಣೆ ನಗರದ ಕಚೇರಿಯೊಂದರ ಪತ್ರವ್ಯವಹಾರ ವಿಭಾಗದಲ್ಲಿ ಇಷ್ಟು ವರ್ಷ ಬರೆದದ್ದೆಲ್ಲ ಇನ್ನೊಬ್ಬರ ಸಹಿಗಾಗಿ. ಸ್ವಂತ ಹೆಸರಿನಲ್ಲಿ ಬರೆದದ್ದು ತಪ್ಪಾದರೆ ಮೇಲಧಿಕಾರಿಗಳ ತಲೆಗೆ ಕಟ್ಟುವಂತಿಲ್ಲ. ಆದಕಾರಣ ಎಲ್ಲಾದರೂ ಕಡತದ ವಾಸನೆ ಬಂದರೆ ಮನ್ನಿಸಬೇಕಾಗಿ ಕೋರುತ್ತೇನೆ.

ವಿಷಯಕ್ಕೆ ಬರುವುದಾದರೆ, ನಾವು ಡೊಂಬಿವಲಿ ಪೂರ್ವದ ನಿವಾಸಿಗಳು. ನಮ್ಮ ಏಕಮಾತ್ರ ಪುತ್ರಿ ಶ್ರಾವಣಿ ಪಕ್ಕದೂರು ಕಲ್ಯಾಣದ ಇಂಗ್ಲಿಷ್ ಶಾಲೆಯೊಂದರಲ್ಲಿ ಆರನೇ ತರಗತಿಯ ವಿದ್ಯಾರ್ಥಿನಿ. ತಿಂಗಳಿಗೊಬ್ಬ ಪೋಷಕರನ್ನು ಕರೆಸಿ ಮಕ್ಕಳೆದುರು ನಿಲ್ಲಿಸುವುದು ಆ ಶಾಲೆಯ ರೂಢಿ. ಹಿಂದಿನ ಸಲ ಬಂದ ತಂದೆ ವಿಮಾನ ಚಾಲಕರು. ಟೋಪಿ ತಂದು ಎಲ್ಲರ ತಲೆಗೂ ಇಟ್ಟು ನೋಡಿದರಂತೆ. ಅದಕ್ಕೂ ಮುಂಚೆ ಬಂದ ದಂತವೈದ್ಯೆ, ಬಾಯಿ ತೆರೆದು ಮುಚ್ಚುವ ದವಡೆಯ ಮಾದರಿಯನ್ನೇ ತಂದಿದ್ದರು. ಈ ಬಾರಿ ನನ್ನ ಸರದಿ. ‘ನಮ್ಮ ಶಾಲೆಯ ಪ್ರಾಚೀನ ಬೇರುಗಳು’ ಎಂಬ ವಿಷಯವನ್ನೂ ಶಾಲೆಯವರೇ ನಿಗದಿಪಡಿಸಿದ್ದರು.

ಸುದ್ದಿ ತಿಳಿದ ಮಗಳು ಊಟದ ತಟ್ಟೆಯನ್ನೇ ನೋಡುತ್ತ, “ಪಪ್ಪಾ, ಲೀವ್ ನಹೀ ಮಿಲಾ ಅಂತ ಹೇಳಿ ನಾ,” ಎಂದಳು.

“ಯಾಕೆ?”

“ನೀವು ಎಲ್ಲದಕ್ಕೂ ‘ಪರಿಶೀಲಿಸೋಣ’ ಅಂತೀರಿ. ಸಬ್ ನಗ್ತಾರೆ.”

ಮೇಲಧಿಕಾರಿಗಳು ನನ್ನ ಕರಡನ್ನು ಮುಖಕ್ಕೆ ಎಸೆದದ್ದುಂಟು. ಆಗ ಇಷ್ಟು ನೋವಾಗಿರಲಿಲ್ಲ. ನನ್ನ ಧರ್ಮಪತ್ನಿ ಮಾತ್ರ ಸಾರು ಬಡಿಸುತ್ತ, “ಹೋಗಿ ಬನ್ನಿ ಮಾರಾಯ್ರೆ. ಆದರೆ ಅಲ್ಲಿ ‘ಮೇಲ್ಕಾಣಿಸಿದ’ ‘ಕೆಳಕಾಣಿಸಿದ’ ಎಲ್ಲ ಬೇಡ. ಮಕ್ಕಳು ಅವು,” ಎಂದು ಷರತ್ತುಬದ್ಧ ಅನುಮತಿ ನೀಡಿದಳು.

ಮಗಳ ಎದುರು ಮಾನ ಉಳಿಸಿಕೊಳ್ಳಬೇಕೆಂದು ನಾನು ಶಾಲೆಗಳ ಇತಿಹಾಸದ ಪುಸ್ತಕವೊಂದನ್ನು ಓದತೊಡಗಿದೆ. ನಮ್ಮ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಠಾಣೆಯವರೆಗೆ ಪುಟ ತಿರುಗಿಸುವುದಕ್ಕೂ ಪಕ್ಕದವರ ಸಹಕಾರ ಬೇಕು. ಅವರ ಮೊಣಕೈ ಎದ್ದಾಗ ನನ್ನ ಪುಟ ತಿರುಗುತ್ತಿತ್ತು. ಹೀಗೆ ಓದಿ ತಿಳಿದದ್ದು ಬೆರಗು ಹುಟ್ಟಿಸುವಂತಿತ್ತು. ಶಾಲೆಗೆ ಇಂಗ್ಲಿಷಿನಲ್ಲಿರುವ ಹೆಸರು, ಬಿಡುವು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದಂತೆ. ಮುಂಜಾನೆ ಅರ್ಧ ಕಣ್ಣು ಮುಚ್ಚಿಯೇ ಬಸ್ಸು ಹತ್ತುವ ಮಗಳಿಗೆ ಈ ಸಂಗತಿಯನ್ನು ತಿಳಿಸುವ ಧೈರ್ಯವಾಗಲಿಲ್ಲ. ಪ್ರಾಚೀನ ಗ್ರೀಸಿನ ಸಿರಿವಂತರ ಮಕ್ಕಳನ್ನು ಶಾಲೆಗೆ ಬಿಟ್ಟುಬರಲು, ಅವರ ಸಾಮಾನು ಹೊರಲು, ಒಬ್ಬ ಗುಲಾಮನಿರುತ್ತಿದ್ದನಂತೆ. ಇಂದು ಪಾಶ್ಚಾತ್ಯರು ಬೋಧನಶಾಸ್ತ್ರಕ್ಕೆ ಇಟ್ಟಿರುವ ಗಂಭೀರ ಹೆಸರು ಹುಟ್ಟಿದ್ದು ಆ ಗುಲಾಮನ ಹೆಸರಿನಿಂದಲೇ. ಪ್ರತಿದಿನ ಮೂರನೇ ಮಹಡಿಯಿಂದ ಮಗಳ ಚೀಲ ಹೊತ್ತು ಬಸ್ಸಿನವರೆಗೆ ಹೋಗುವ ನಾನು ಇದನ್ನೋದಿ ನೆಟ್ಟಗೆ ನಿಂತೆ. ನನ್ನದು ಪುರಾತನ ಪರಂಪರೆ. ಮುಂದೆ ರೋಮನ್ನರು ಗ್ರೀಸನ್ನು ಗೆದ್ದು, ಅಲ್ಲಿಯ ಪಂಡಿತರನ್ನೇ ಗುಲಾಮರಾಗಿ ಹಿಡಿದು ತಂದು ಮಕ್ಕಳಿಗೆ ಪಾಠ ಹೇಳಿಸಿದರು. ರೋಮನ್ನರಿಗಿಂತ ಮುಂಚೆ ಗ್ರೀಸಿನಲ್ಲಿ ಬರೀ ಪ್ರಶ್ನೆ ಕೇಳುತ್ತಲೇ ಕಲಿಸುತ್ತಿದ್ದ ಒಬ್ಬ ಮೇಷ್ಟ್ರಿದ್ದರು. ಬೇಸತ್ತ ಊರಿನವರು ಕೊನೆಗೆ ಅವರಿಗೆ ವಿಷ ಕುಡಿಸಿದರು. ಇಷ್ಟನ್ನೂ ಸೇರಿಸಿ ಅಚ್ಚುಕಟ್ಟಾದ ಭಾಷಣವೊಂದನ್ನು ಸಿದ್ಧಪಡಿಸಿದೆ. ‘ಮೇಲ್ಕಾಣಿಸಿದ’ ಎಂಬುದು ಒಂದೇ ಒಂದು ಕಡೆ ಉಳಿಯಿತು. ಅದನ್ನು ಕಿತ್ತರೆ ವಾಕ್ಯ ಕುಸಿಯುತ್ತಿತ್ತು.

ಆ ದಿನ ಇಸ್ತ್ರಿಯ ಅಂಗಿ ಧರಿಸಿ ಹಾಜರಾದೆ. ಭಾಷಣ ತೆಗೆಯುವಷ್ಟರಲ್ಲಿ ಪ್ರಾಂಶುಪಾಲೆಯವರು ನಗುತ್ತ ತಡೆದರು. ಅವರ ಶಾಲೆಯಲ್ಲಿ ಅತಿಥಿಗಳು ಭಾಷಣ ಮಾಡುವಂತಿಲ್ಲವಂತೆ. ಗ್ರೀಕ್ ಪದ್ಧತಿಯಂತೆ ಮಕ್ಕಳೊಡನೆ ಪ್ರಶ್ನೋತ್ತರ ಮಾತ್ರವಂತೆ. ನನ್ನ ಭಾಷಣ ನನ್ನ ಜೇಬಿಗೇ ವಾಪಸಾಯಿತು. ಗುಲಾಮರ ಸಂಗತಿಯನ್ನು ಬಾಯಿಮಾತಿನಲ್ಲಿ ಎರಡು ವಾಕ್ಯ ಹೇಳಿದೆನೋ ಇಲ್ಲವೋ, ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು.

“ಅಂಕಲ್, ಟೀಚರ್ ಗುಲಾಮ್ ಥಾ, ತೋ ಕ್ಲಾಸ್ ಮೇ ಮಾಲಿಕ್ ಕೌನ್?”

ಗುಲಾಮನೇ ಮೇಷ್ಟ್ರಾದರೆ ತರಗತಿಯಲ್ಲಿ ಯಜಮಾನ ಯಾರು? ಓದಿದ ಯಾವ ಪುಟದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಕೊನೆಯ ಸಾಲಿನಲ್ಲಿ ನನ್ನ ಮಗಳು ಶೂ ಲೇಸು ಕಟ್ಟುವ ನೆಪದಲ್ಲಿ ಬೆಂಚಿನ ಕೆಳಗೆ ಇಳಿಯುತ್ತಿದ್ದಳು.

ಇಂತಹ ಸಂಕಟದಲ್ಲಿ ಮನುಷ್ಯನನ್ನು ಕಾಯುವುದು ಓದಲ್ಲ, ಅಭ್ಯಾಸ. ಉತ್ತರ ತಿಳಿಯದ ಕಡತ ಮೇಜಿಗೆ ಬಂದರೆ ನಮ್ಮ ವಿಭಾಗದವರು ಹೆದರುವುದಿಲ್ಲ. ಸ್ಪಷ್ಟೀಕರಣ ಕೋರಿ ಬಂದಲ್ಲಿಗೇ ಹಿಂದಿರುಗಿಸುತ್ತೇವೆ. ನನ್ನ ಬಾಯಿ ತಾನಾಗಿ ತೆರೆಯಿತು. “ಯಜಮಾನ ಎಂದರೆ ನಿಮ್ಮ ಅಭಿಪ್ರಾಯದಲ್ಲಿ ಯಾರು?” ಎಂದು ಹಿಂದಿಯಲ್ಲಿ ಕೇಳಿದೆ. “ಜಿಸ್ಕೇ ಪಾಸ್ ಪವರ್ ಹೈ,” ಪವರ್ ಇದ್ದವರು, ಎಂದಳು ಆಕೆ. ಪವರ್ ಅಂದರೇನು ಎಂದು ಪಕ್ಕದವನಿಗೆ ರವಾನಿಸಿದೆ. ಛಡಿ ಎಂದ ಅವನು. ಅಲ್ಲ, ಮಾರ್ಕು ಎಂದಳು ಇನ್ನೊಬ್ಬಳು. ಇದಕ್ಕೆ ಸಂಬಂಧಪಟ್ಟ ಇತರರ ಅಭಿಪ್ರಾಯವೇನು ಎಂದೆ. ತರಗತಿಗೆ ತರಗತಿಯೇ ಎದ್ದು ವಾದಕ್ಕಿಳಿಯಿತು. ಗಂಟೆ ಹೊಡೆದರೂ ಯಾರೂ ಕದಲಲಿಲ್ಲ. ನಾನು ಮಾತ್ರ ಒಂದೇ ಒಂದು ಉತ್ತರವನ್ನೂ ನೀಡದೆ ಸುರಕ್ಷಿತವಾಗಿ ಹೊರಬಂದೆ. ಪ್ರಾಂಶುಪಾಲೆಯವರು ಬಾಗಿಲವರೆಗೂ ಬಂದು, ಇಷ್ಟು ಶುದ್ಧವಾದ ಗ್ರೀಕ್ ಪದ್ಧತಿಯನ್ನು ತಾವು ತರಬೇತಿ ಶಿಬಿರದಲ್ಲೂ ಕಂಡಿಲ್ಲವೆಂದೂ, ಎಲ್ಲಿ ಅಭ್ಯಾಸ ಮಾಡಿದಿರೆಂದೂ ವಿಚಾರಿಸಿದರು. “ಠಾಣೆಯಲ್ಲಿ,” ಎಂದೆ.

ಹಿಂದಿರುಗುವಾಗ ರಿಕ್ಷಾದಲ್ಲಿ ಮಗಳು ಹತ್ತಿರ ಸರಿದು, “ಪಪ್ಪಾ, ಸಚ್ ಬೋಲೋ. ಆನ್ಸರ್ ಗೊತ್ತಿತ್ತಾ?” ಎಂದಳು.

“ಈ ಪ್ರಶ್ನೆ ಈಗ ಯಾಕೆ ಉದ್ಭವಿಸಿತು?” ಎಂದೆ.

ಅವಳು ನಕ್ಕು ನಕ್ಕು ನನ್ನ ತೋಳಿಗೆ ಹಣೆ ಚಚ್ಚಿಕೊಂಡಳು. “ಸಬ್ ಹೇಳ್ತಿದ್ದರು, ನಿನ್ನ ಪಪ್ಪಾ ಪೈಲಟ್ ಅಂಕಲ್‌ಗಿಂತ ಭಾರಿ,” ಎಂದಳು. ರಿಕ್ಷಾ ಇಳಿದಾಗ ಚೀಲವನ್ನು ನಾನೇ ಕೇಳಿ ಪಡೆದು ಹೆಗಲಿಗೇರಿಸಿದೆ.

ವರದಿಯನ್ನು ಇಲ್ಲಿಗೇ ಮುಕ್ತಾಯಗೊಳಿಸಿದ್ದರೆ ನನಗೆ ಗೌರವವಿರುತ್ತಿತ್ತು. ಸಂಜೆ ಮಗಳು ಮಾಥೇರಾನ್ ಗಿರಿಧಾಮಕ್ಕೆ ಹೋಗುವ ಶಾಲಾ ಪ್ರವಾಸದ ಒಪ್ಪಿಗೆಪತ್ರ ಹಿಡಿದು ಬಂದಳು. ವಾಡಿಕೆಯಂತೆ, “ಪರಿಶೀಲಿಸೋಣ,” ಎಂದೆ.

“ಪರಿಶೀಲಿಸೋದು ಅಂದರೆ ಏನು ಪಪ್ಪಾ?”

“ಎಲ್ಲ ಮಾಹಿತಿ ನೋಡಿ ಯೋಚಿಸುವುದು.”

“ಮಾಹಿತಿ ಇದರಲ್ಲೇ ಇದೆ. ಯೋಚಿಸೋದು ಯಾಕೆ, ಡರ್ ಲಗ್ತಾ ಹೈ ಇಸ್ಲಿಯೇ?”

“ಭಯ ಅಂತಲ್ಲ...”

“ಭಯ ಇಲ್ಲ ಅಂದ್ಮೇಲೆ ಬಾಕಿ ಏನಿದೆ?”

ಬಾಕಿ ಏನೂ ಇರಲಿಲ್ಲ. ಸಹಿ ಹಾಕಿದೆ. ಗ್ರೀಸಿನ ಆ ಊರಿನವರು ತಮ್ಮ ಮೇಷ್ಟ್ರ ಮೇಲೆ ಯಾಕೆ ಅಷ್ಟು ಸಿಟ್ಟಾದರೆಂದು ಆ ಕ್ಷಣದಲ್ಲಿ ಸ್ಪಷ್ಟವಾಯಿತು. ಅಷ್ಟರಲ್ಲಿ ಧರ್ಮಪತ್ನಿ ಸ್ಟೀಲಿನ ಲೋಟವೊಂದನ್ನು ತಂದು ಎದುರಿಗಿಟ್ಟಳು. ಮಾತಾಡಿ ಗಂಟಲು ಕೂತಿದೆಯೆಂದು ಅಮೃತಬಳ್ಳಿಯ ಕಷಾಯ.

“ಇದನ್ನು ಕುಡಿಯಲೇಬೇಕೆಂಬುದಕ್ಕೆ ಆಧಾರ...” ಎಂದು ಆರಂಭಿಸಿದೆ.

“ಕುಡೀರಿ ಮಾರಾಯ್ರೆ,” ಎಂದಳು.

ಗ್ರೀಸಿನ ಮೇಷ್ಟ್ರು ತಮ್ಮ ವಿಷದ ಬಟ್ಟಲನ್ನು ಮುಖ ಸಿಂಡರಿಸದೆ, ಶಾಂತಚಿತ್ತದಿಂದ ಖಾಲಿ ಮಾಡಿದರೆಂದು ಓದಿದ್ದೇನೆ. ನಾನು ಒಂದು ಚೂರು ಬೆಲ್ಲ ಕೇಳಿದೆ.