ಚಿಕ್ಕಪ್ಪನ ಅರ್ಧ ಹೋರಿ

ನಮ್ಮ ಚಿಕ್ಕಪ್ಪನ ಆಪ್ತರೆಲ್ಲ ಸತ್ತು ಎರಡು ಸಾವಿರ ವರ್ಷವಾಗಿತ್ತು! ಹಗರಿಬೊಮ್ಮನಹಳ್ಳಿಯಲ್ಲಿ ಪಾತ್ರೆ ಅಂಗಡಿ ಇಟ್ಟು, ಕೊಂಡವರ ಹೆಸರು ಕೊರೆದುಕೊಡುತ್ತಿದ್ದವನಿಗೆ ಸ್ಪೇನಿನ ಸೆಲ್ಟಿಬೇರಿಯನ್ನರೆಂಬ ಪುರಾತನ ಜನ ಗಂಟುಬಿದ್ದದ್ದು ತೊಂಬತ್ತರ ದಶಕದಲ್ಲಿ, ಗುಜರಿ ಹಿತ್ತಾಳೆಯ ಚೀಲದಲ್ಲಿ ಸಿಕ್ಕ ವಿಶ್ವಕೋಶದ ಒಂಟಿ ಸಂಪುಟದಿಂದ.

"ಅವ್ರೂ ನನ್ನಂಗ ಲೋಹದ ಮ್ಯಾಲೆ ಕೊರಿತಿದ್ರು. ಆ ಭಾಷಿ ಓದಾಕ ಬರ್ತೈತಿ, ಅರ್ಥ ಮಾತ್ರ ಪೂರಾ ಯಾರಿಗೂ ತಿಳಿವಲ್ದು," ಎಂದ.

"ನಿಮ್ಮ ಮಾತಿನಂಗ ಅನ್ರಿ," ಎಂದಳು ಚಿಕ್ಕಮ್ಮ.

ಅವರಲ್ಲೊಂದು ಪದ್ಧತಿಯಿತ್ತಂತೆ. ಸ್ನೇಹವಾದವರು ಕಂಚಿನ ಪ್ರಾಣಿಯ ಎರಡು ಹೋಳು ಮಾಡಿ ಒಂದೊಂದು ಇಟ್ಟುಕೊಳ್ಳುವುದು. ಮುಂದೆಂದಾದರೂ ಬಂದು ಜೋಡಿಸಿ ತೋರಿಸಿದರೆ ಊಟ, ವಸತಿ ಖಾತ್ರಿ. ಚಿಕ್ಕಪ್ಪ ಬಿಟ್ಟಾನೆಯೇ? ಹಿತ್ತಾಳೆ ತಗಡಿನಲ್ಲಿ ಹೋರಿ ಮಾಡಿ, ತಲೆಯ ಹೋಳಿನ ಮೇಲೆ ಅವರವರ ಹೆಸರು ಕೊರೆದು ಬಂದವರಿಗೆಲ್ಲ ಹಂಚಿದ. ಬಾಲದ ಹೋಳು ತನಗೆ. ಆದರೆ ಅವಸರಕ್ಕೆ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಕತ್ತರಿಸಿದ್ದ; ಯಾರ ತಲೆ ಯಾವ ಬಾಲಕ್ಕಾದರೂ ಕೂಡುತ್ತಿತ್ತು! ಹಡಗಲಿ ಬಸ್ಸಿನ ಕಂಡಕ್ಟರು ತನ್ನ ಹೋಳನ್ನು ಬೀಗರಿಗೆ ಎರವಲು ಕೊಟ್ಟ. ಆರು ಮಂದಿ ಬಂದು ಉಂಡು, ಇನ್ನಷ್ಟು ಮಜ್ಜಿಗೆ ಕೇಳಿದರು.

"ನಿಮ್ಮ ಸ್ಪೇನಿನವ್ರು ಯಾಕ ನಾಶ ಆದ್ರು ಅಂತ ಈಗ ಗೊತ್ತಾತು!" ಚಿಕ್ಕಮ್ಮ ಜೋಳದ ಹಿಟ್ಟಿನ ಡಬ್ಬಿ ಬಗ್ಗಿಸಿ ತೋರಿಸಿದಳು.

ಒಂದೇ ಒಂದು ಹೋರಿಯನ್ನು ಅವನು ಅಚ್ಚಿಲ್ಲದೆ, ಕೈಯಿಂದಲೇ ಅಂಕುಡೊಂಕಾಗಿ ಕತ್ತರಿಸಿದ್ದ. ಅದು ಮಾಗಳದಲ್ಲಿದ್ದ ಅಣ್ಣನಿಗೆ, ಅಂದರೆ ನನ್ನಪ್ಪನಿಗೆ. ಅಜ್ಜಿಯ ತಾಮ್ರದ ಹಂಡೆಯ ಮೇಲೆ ತಮ್ಮ ತನ್ನೊಬ್ಬನ ಹೆಸರನ್ನೇ ಕೊರೆದನೆಂದು ಅಪ್ಪ ನಾಲ್ಕು ವರ್ಷದಿಂದ ಆ ಹೊಸ್ತಿಲು ತುಳಿದಿರಲಿಲ್ಲ. ಅಂಚೆಯಲ್ಲಿ ಬಂದ ತಲೆಯನ್ನೂ ಸಿಟ್ಟಿನಲ್ಲಿ ತುಂಗಭದ್ರೆಗೆ ಎಸೆದುಬಿಟ್ಟಿದ್ದ. ಪಾಪ, ಚಿಕ್ಕಪ್ಪ ಮಾತ್ರ ಅದರ ಬಾಲವನ್ನು ದಿನಾ ಒರೆಸಿಡುತ್ತಿದ್ದ.

ಒಂದು ಯುಗಾದಿಗೆ ಅಪ್ಪನ ಸಿಟ್ಟು ಇಳಿಯಿತು. ನನ್ನನ್ನೂ ಕರೆದುಕೊಂಡು ಹೊರಟ. ಆದರೆ ಬರಿಗೈಲಿ ಹೋಗಲು ನಾಚಿಕೆ! ಬಸ್ಸಿನಲ್ಲಿ ಅದೇ ಕಂಡಕ್ಟರನಿಂದ ಹೋಳು ಇಸಿದುಕೊಂಡ.

ಅಂಗಡಿಯಲ್ಲಿ ಚಿಕ್ಕಪ್ಪ ಆ ಅಂಕುಡೊಂಕು ಬಾಲ ತಂದು ಜೋಡಿಸಿದ. ನಡುವೆ ಬೆರಳು ತೂರುವಷ್ಟು ಸಂದು. ಹೋರಿಯ ಕೊರಳ ಮೇಲೆ ಕಂಡಕ್ಟರನ ಹೆಸರು.

"ಬರೋಬ್ಬರಿ ಕೂತೈತಿ ನೋಡಣ್ಣ," ಚಿಕ್ಕಪ್ಪ ಕಣ್ಣೊರೆಸಿಕೊಂಡ. "ಕೈಕಾಲು ತೊಳ್ಕಾ ಹೋಗು, ಊಟ ಮಾಡೋಣು."

ಅಂಗಡಿಯ ಹಿಂದಿನ ಮನೆಯ ಬಚ್ಚಲಿನಲ್ಲಿ ಅಜ್ಜಿಯ ಹಂಡೆ ಇತ್ತು. ಅದರ ಮೇಲೆ, ಚಿಕ್ಕಪ್ಪನ ಹೆಸರಿಗಿಂತ ಒಂದು ಗೇಣು ಎತ್ತರದಲ್ಲಿ, ಅಪ್ಪನ ಹೆಸರು. ಎಂದೋ ಕೊರೆದದ್ದು, ಹೊಗೆಗೆ ಕಪ್ಪಾಗಿತ್ತು. ಅಪ್ಪ ತಂಬಿಗೆ ಕೆಳಗಿಟ್ಟು, ಆ ಹೆಸರಿನ ಮೇಲಿನ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದ.